ನಾನು ತೋರಿಸಿದ ಚಂದ್ರ

ಇದನ್ನು ಬರೆಯಬೇಕೆಂದು ಕೂತು, ಪೆನ್ನು ಬರೆಯುತ್ತಿಲ್ಲವೆಂದು ಎದ್ದು, ಪೆನ್ನು ಬರೆಯತೊಡಗಿದಾಗ ಕನ್ನಡಕ ಸಿಗುತ್ತಿಲ್ಲವೆಂದು ಮತ್ತೆ ಎದ್ದು, ಎರಡು ಬೇಸಿಗೆ ಕಳೆದೆ. ನಿಜ ಹೇಳಬೇಕೆಂದರೆ ಪೆನ್ನೂ ಚೆನ್ನಾಗಿತ್ತು, ಕನ್ನಡಕವೂ ಮೂಗಿನ ಮೇಲೆಯೇ ಇತ್ತು. ತಪ್ಪು ಒಪ್ಪಿಕೊಳ್ಳುವುದನ್ನು ಮುಂದೂಡಲು ಸಿಗುವಷ್ಟು ನೆಪಗಳು ಬೇರೆ ಯಾವ ಕೆಲಸಕ್ಕೂ ಸಿಗುವುದಿಲ್ಲ. ಈಗ ನೆಪಗಳೂ ಮುಗಿದಿವೆ, ವಯಸ್ಸೂ ಮುಗಿಯುತ್ತ ಬಂದಿದೆ. ಆದ್ದರಿಂದ ಹೇಳಿಬಿಡುತ್ತೇನೆ.

ಅಕ್ಕಲಕೋಟಕ್ಕೆ ದರ್ಶನಕ್ಕೆ ಬರುವವರಿಗೆ ರೂಮು ಕೊಡುವುದು ನನ್ನ ಕಸುಬು. ಕನ್ನಡ ಸಾಲೆಯಲ್ಲಿ ಹತ್ತನೆಯವರೆಗೆ ಓದಿ, ಅಪ್ಪ ಕಟ್ಟಿಸಿದ ಲಾಡ್ಜಿನ ಕೌಂಟರಿನಲ್ಲಿ ಕೂತವನು ಅಲ್ಲೇ ಮುದುಕನಾದೆ. ಈ ಕಸುಬಿನಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಒಂದೇ. ಬೆಳಗ್ಗೆ ಟವೆಲ್ಲು ಸುತ್ತಿಕೊಂಡು ನಿಂತ ಭಕ್ತರು ಮೇಲಿನಿಂದ "ಬಿಸಿನೀರು?" ಎಂದು ಕೂಗಿದಾಗ, ಬಾಯ್ಲರು ಕೆಟ್ಟು ವಾರವಾಗಿದ್ದರೂ "ಬರತೈತ್ರಿ, ಈಗ ಬರತೈತಿ" ಎಂದು ಶಾಂತವಾಗಿ ಹೇಳುವುದು. ಆ ದನಿಯಲ್ಲಿ ಹೇಳಿದ್ದನ್ನು ಯಾರೂ ನಂಬದೆ ಇರಲಾರರು. ಎಷ್ಟೋ ಸಲ ನಾನೇ ನಂಬಿ ಬಕೆಟ್ಟು ಹಿಡಿದು ಕಾದಿದ್ದೇನೆ.

ಊರೂರು ತಿರುಗಿ ಬಂದವರ ಕತೆ ಕೇಳುತ್ತ ಕೂತವನಿಗೆ, ನಾನೂ ಒಮ್ಮೆ ಯಾರಿಗಾದರೂ ಕತೆ ಹೇಳಬೇಕೆಂಬ ಚಟ ಹತ್ತಿತು. ಆಗಲೇ ಸೊಲ್ಲಾಪುರದ ಒಂದು ಪ್ರವಾಸದ ಕಂಪನಿಯವರು ಹಿರಿಯರಿಗಾಗಿ ಅಭ್ಯಾಸ ಸಹಲು, ಅಂದರೆ ಪಾಠವೂ ಇರುವ ಪ್ರವಾಸ, ಹೊರಡಿಸಿದರು. ಬೇಸಿಗೆಯಲ್ಲಿ ನಾರ್ವೆ ದೇಶದ ಮೇಲ್ತುದಿ, ಸೂರ್ಯ ಮುಳುಗದ ಊರು. ಮುಂಜಾನೆ ತರಗತಿ, ಮಧ್ಯಾಹ್ನ ತಿರುಗಾಟ. ಪಾಠ ಹೇಳಲು ಕಾಲೇಜಿನಿಂದ ನಿವೃತ್ತರಾದ ಭೂಗೋಳದ ಮೇಡಂ, ಊಟಕ್ಕೆ ನಮ್ಮದೇ ಕಡೆಯ ಅಡುಗೆಯ ಮಹಾರಾಜ. ನನ್ನ ಹೆಂಡತಿಯನ್ನು ಕರೆದೆ. "ಫ್ರಿಜ್ಜಿನ್ಯಾಗ ಕೂತು ಪಾಠ ಕೇಳಾಕ ನಾ ಬರಂಗಿಲ್ಲ, ನೀವ ಹೋಗ್ರಿ" ಎಂದಳು. ಗುಂಪಿಗೆ ಒಬ್ಬರು ಕಡಿಮೆ ಬಿದ್ದು ಸಹಲೇ ರದ್ದಾಗುವ ಹಾಗಾಯಿತು. ಆಗ ನನಗೆ ನೆನಪಾದವರು ಮೈಂದರ್ಗಿಯ ಅಕ್ಕ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬರೇ ನಡೆಸಿ ಮಕ್ಕಳನ್ನು ದಡ ಸೇರಿಸಿದವರು. ನಮ್ಮ ಲಾಡ್ಜಿನ ಜೋಳದ ಹಿಟ್ಟು ಅವರ ಗಿರಣಿಯದೇ. ನಮ್ಮಿಬ್ಬರಲ್ಲಿ ಯಾರು ದೊಡ್ಡವರೆಂದು ಕೇಳಿಕೊಂಡಿಲ್ಲ; ಅವರು ಅಣ್ಣಾ ಅಂದರು, ನಾನು ಅಕ್ಕಾ ಅಂದೆ, ಮುಗಿಯಿತು. ಸಾಲೆಯ ಮೆಟ್ಟಿಲು ಹತ್ತದ ಅವರು, ಸಹಲಿನಲ್ಲಿ ತರಗತಿ ಇದೆ ಎಂದದ್ದೇ ತಡ, ಗಿರಣಿಯ ಬೆಲ್ಟು ನಿಲ್ಲಿಸಿ ಬಂದರು.

"ಖರೇನ ಸಾಲಿ ಐತೇನ್ರಿ ಅಣ್ಣಾ? ಪಾಟಿ ತರಬೇಕೇನು?"

"ನೀವು ಬಂದ್ರ ಸಾಕು ಅಕ್ಕಾ."

ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು ಕೇಳಿದರು: "ಅಲ್ಲಿ ಸೂರ್ಯ ಮುಳುಗಂಗಿಲ್ಲಂತ. ಮತ್ತ ಚಂದ್ರ? ನಂದು ಸಂಕಷ್ಟಿ ಐತಿ." ಮೊಮ್ಮಗಳು ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ ಹರಕೆ ಹೊತ್ತವರು ಅವರು. ಪ್ರತಿ ಸಂಕಷ್ಟಿಗೆ ದಿನವಿಡೀ ಉಪವಾಸ, ಚಂದ್ರನನ್ನು ನೋಡಿಯೇ ಊಟ. ಒಂದು ಸಲವೂ ತಪ್ಪಿಸಿರಲಿಲ್ಲ.

ನನಗೆ ಉತ್ತರ ಗೊತ್ತಿರಲಿಲ್ಲ. ಆದರೂ ಬಿಸಿನೀರಿನ ದನಿಯಲ್ಲಿ ಹೇಳಿದೆ: "ಅವ ಎಲ್ಲಿ ಹೋಗ್ತಾನ್ರಿ? ಬರತಾನ."

ಅಲ್ಲಿಯ ಚೆಲುವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಬೆಟ್ಟ, ನೀರು, ಹಿಮ, ಮತ್ತೆ ನೀರು. ಸೂರ್ಯ ಮುಳುಗದಿದ್ದರೆ ನಿದ್ದೆ ಬಾರದು ಅನ್ನುತ್ತಾರೆ. ನನಗೆ ಮಾತ್ರ ಮೇಡಂ ಬಾಯಿ ತೆರೆದ ಕೂಡಲೇ ಬರುತ್ತಿತ್ತು. ಕಂಪನಿಯವರು ಯಾರೂ ತಪ್ಪಿಸಿಕೊಳ್ಳಬಾರದೆಂದು ಜೋಡಿಗಳನ್ನು ಮಾಡಿದ್ದರು. ಬಸ್ಸು ಹತ್ತುವುದೂ ಊಟಕ್ಕೆ ಕೂರುವುದೂ ಜೋಡಿಯಾಗಿಯೇ. ಒಂದೇ ತಾಲೂಕಿನವರೆಂದು ನನಗೆ ಅಕ್ಕ ಜೋಡಿ. ತರಗತಿಯಲ್ಲಿ ಅವರು ಮುಂದಿನ ಸಾಲು, ಪಕ್ಕದಲ್ಲಿ ತೂಕಡಿಸುವ ನಾನು.

"ಕೈ ಎತ್ತಿದ್ರ ಬೈತಾರೇನ್ರಿ?" ಮೊದಲ ದಿನವೇ ಪಿಸುಗುಟ್ಟಿ ಕೇಳಿದ್ದರು.

"ಇಲ್ಲ ಅಕ್ಕಾ, ಉತ್ತರ ಗೊತ್ತಿದ್ದವರು ಎತ್ತಬೇಕು."

"ಹಂಗಾದ್ರ ಗೊತ್ತಾದ ದಿನ ಎತ್ತತೀನಿ."

ಸಂಕಷ್ಟಿ ಬಂತು. ಗಡಿಯಾರದ ಪ್ರಕಾರ ರಾತ್ರಿಯ ಊಟದ ಹೊತ್ತು, ಹೊರಗೆ ನಮ್ಮ ನಾಲ್ಕು ಗಂಟೆಯ ಬಿಸಿಲು. ಅಕ್ಕ ನೀರಿನ ಬಟ್ಟಲು ಹಿಡಿದು ವರಾಂಡದಲ್ಲಿ ನಿಂತರು. ಅವರ ಜೋಡಿಯಾದ್ದರಿಂದ ನಾನೂ ನಿಂತೆ. ಊಟ ಮುಗಿಸಿ ಹಲ್ಲು ಕೆದಕುತ್ತ ಬಂದ ಸೊಲ್ಲಾಪುರದ ಬ್ಯಾಂಕಿನ ಸಾಹೇಬರು ಬುದ್ಧಿ ಹೇಳಿದರು: "ಸೊಸಿಗೆ ಫೋನ್ ಮಾಡ್ರಿ ಅಕ್ಕಾ. ಮೈಂದರ್ಗ್ಯಾಗ ಆಗಲೇ ಹುಟ್ಯಾನ. ಅದ ಲೆಕ್ಕದಾಗ ಉಂಡಬಿಡ್ರಿ."

"ಅವರು ನೋಡಿ ನಾ ಉಂಡ್ರ, ಅವರು ಉಂಡದ್ದು ನನ್ನ ಹೊಟ್ಟಿಗೆ ಬರತೈತೇನ್ರಿ?" ಅಂದರು ಅಕ್ಕ. ಸಾಹೇಬರು ಹಲ್ಲುಕಡ್ಡಿ ಎಸೆದು ಒಳಗೆ ಹೋದರು.

ನನ್ನ ಹೊಟ್ಟೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪಾಪ ಹುಟ್ಟಿದ್ದು ಅಲ್ಲಿ. ಮಹಾರಾಜ ಅಂದು ಕಡಲೆಹಿಟ್ಟಿನ ಪಿಟ್ಲಿ, ರೊಟ್ಟಿ, ಹಸಿಮೆಣಸಿನಕಾಯಿ ಖಾರ ಮಾಡಿದ್ದ. ವಾರದಿಂದ ಬರೀ ಅನ್ನ-ಸಾರು ಉಂಡ ಬಾಯಿಗೆ ಒಗ್ಗರಣೆಯ ವಾಸನೆ ಅಡುಗೆಮನೆಯಿಂದ ವರಾಂಡದವರೆಗೂ ಬಂದು ಕೈಹಿಡಿದು ಎಳೆಯುತ್ತಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು ಶುರುವಾಯಿತು. ಜೋಡಿ ಬಿಟ್ಟು ಒಬ್ಬನೇ ಹೋದರೆ ನೀಡುವುದಿಲ್ಲ ಎಂದುಕೊಂಡೆ. ಮಹಾರಾಜನನ್ನು ಕೇಳಬಹುದಿತ್ತು, ಕೇಳಲಿಲ್ಲ. ನೀರಿನ ಆಚೆ ಗುಡ್ಡದ ನೆತ್ತಿಯ ಮೇಲೆ ದುಂಡಗೆ, ಬೆಳ್ಳಗೆ ಒಂದು ಗುಮ್ಮಟ ಕಾಣುತ್ತಿತ್ತು. ಹವಾಮಾನ ನೋಡುವ ಯಂತ್ರದ ಗುಮ್ಮಟ. ಹಿಂದಿನ ದಿನವೇ ಬಸ್ಸಿನಲ್ಲಿ ಮೇಡಂ ತೋರಿಸಿದ್ದರು, ಆಗ ಅಕ್ಕ ಇನ್ನೊಂದು ಕಿಟಕಿಯ ಕಡೆ ಇದ್ದರು. ನಾನು ಎಚ್ಚರವಿದ್ದು ಕಲಿತ ಪಾಠ ಅದೊಂದೇ.

"ಅಕ್ಕಾ, ಅಲ್ಲಿ ನೋಡ್ರಿ, ಬಂದಾನ!"

ಅಕ್ಕನ ಕಣ್ಣಿಗೆ ಆಗಲೇ ಪೊರೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ಚೌತಿ ಚಂದ್ರ ಒಂದು ಕಡೆ ಸವದಿರ್ತಾನಲ್ರಿ? ಇವ ಪೂರ್ತಿ ದುಂಡಗ ಅದಾನ."

"ಥಂಡಿ ಅಕ್ಕಾ. ಈ ಥಂಡ್ಯಾಗ ಯಾವುದೂ ಲಗೂನ ಸವಿಯಂಗಿಲ್ಲ."

ಅವರು ಯಂತ್ರಕ್ಕೆ ನೀರು ಬಿಟ್ಟು, ಕೈಮುಗಿದು, ಮೊಮ್ಮಗಳ ಹೆಸರು ಹೇಳಿ, ಸೆರಗು ಹಣೆಗೆ ಒತ್ತಿಕೊಂಡರು. ನಾನು ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿದ್ದೆ.

ಮರುದಿನದ ತರಗತಿಯಲ್ಲಿ ಮೇಡಂ ಕೇಳಿದರು, "ಇಲ್ಲಿಗೆ ಬಂದ ಮೇಲೆ ಯಾರಾದರೂ ಚಂದ್ರನನ್ನು ನೋಡಿದ್ದೀರಾ?" ಈ ಕಾಲದಲ್ಲಿ ಅಲ್ಲಿ ಚಂದ್ರ ಮೇಲೇರುವುದೇ ಕಷ್ಟ, ಏರಿದರೂ ಬೆಟ್ಟಗಳ ಮರೆಯಲ್ಲೇ ಸರಿದು ಹೋಗುತ್ತಾನೆ ಎಂದು ತಿಳಿಸಲು ಅವರು ಹೊರಟಿದ್ದರು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಬಳೆಗಳು ಮೊಣಕೈವರೆಗೆ ಜಾರಿದ ಸದ್ದಾಯಿತು. ಅಕ್ಕ ಕೈ ಎತ್ತಿದ್ದರು.

"ನಾ ನೋಡೀನ್ರಿ!"

"ಎಲ್ಲಿ ನೋಡಿದಿರಿ?"

ಅಕ್ಕ ಎತ್ತಿದ ಕೈಯಿಂದಲೇ ಕಿಟಕಿಯಾಚೆ ತೋರಿಸಿದರು. ಎಲ್ಲರ ಕುತ್ತಿಗೆ ತಿರುಗಿತು. "ಅಯ್ಯ ಅಕ್ಕಾ, ಹವಾಮಾನದ ಯಂತ್ರಕ್ಕ ಉಪವಾಸ ಮಾಡೀರೇನು?" ಎಂದರು ಬ್ಯಾಂಕಿನ ಸಾಹೇಬರು. ತರಗತಿಯೇ ನಕ್ಕಿತು. ಅಕ್ಕ ನಗಲಿಲ್ಲ, ಕೈ ಇಳಿಸುವುದನ್ನೂ ಮರೆತು ನನ್ನ ಮುಖ ನೋಡಿದರು. "ನಾನೇ ತೋರಿಸಿದ್ದು" ಎಂಬ ಎರಡು ಮಾತು ಸಾಕಿತ್ತು. ನಾನೂ ನಕ್ಕೆ. ನಕ್ಕು, "ಅಕ್ಕಾರ ಕಣ್ಣಾಗ ಪೊರಿ ಬಂದೈತ್ರಿ ಮೇಡಂ, ಪಾಪ" ಎಂದೆ.

ಅವರು ನನ್ನ ಕಡೆ ಬೆರಳು ಮಾಡಬಹುದಿತ್ತು. ಮಾಡಲಿಲ್ಲ. "ಹೌದ್ರಿ, ನನಗ ಮಂಜ ಕಾಣ್ತೈತಿ" ಎಂದು ಕೈ ಇಳಿಸಿ, ಬಳೆಗಳನ್ನು ಮಣಿಕಟ್ಟಿಗೆ ಸರಿಸಿಕೊಂಡರು.

ಅಂದು ಅಕ್ಕ ಊಟಕ್ಕೆ ಬರಲಿಲ್ಲ. ನಿನ್ನೆಯ ಉಪವಾಸ ಇನ್ನೂ ಬಿಟ್ಟಿಲ್ಲ ಎಂದು ಹೇಳಿ ಕಳಿಸಿದರು. ನಾನು ಊಟದ ಕೋಣೆಯ ಬಾಗಿಲಲ್ಲಿ ಕಳ್ಳನ ಹಾಗೆ ನಿಂತಿದ್ದೆ. ಮಹಾರಾಜ ಕರೆದ: "ಬರ್ರಿ ಕಾಕಾ, ಒಬ್ಬರೇ ಕೂಡ್ರಿ. ಅದಕ್ಕೇನಾತು?" ಹಿಂದಿನ ದಿನ ಕೇಳಿದ್ದರೂ ನೀಡುತ್ತಿದ್ದೆ ಎಂದ. ಬರೀ ಅನ್ನ-ಸಾರಿಗಾಗಿಯೇ ಆದೀತು, ಪಿಟ್ಲಿಗಾಗಿಯೇ ಆದೀತು, ನಾನು ಸುಳ್ಳು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅದನ್ನು ತಿಳಿದ ಮೇಲೂ ಹೊಟ್ಟೆ ತುಂಬ ಉಂಡೆ.

ಮುಂದಿನ ದಿನಗಳಲ್ಲಿ ಅಕ್ಕ ಕೊನೆಯ ಸಾಲಿನಲ್ಲಿ ಕೂತರು. ಮೇಡಂ ಅಕ್ಕನನ್ನೇ ನೋಡಿ ಪ್ರಶ್ನೆ ಕೇಳಿದರೂ ಕೈಗಳು ಮಡಿಲಿನಲ್ಲೇ ಇದ್ದವು. ಕ್ಷಮೆ ಕೇಳಬೇಕೆಂದು ನಾನು ಹಡಗಿನಲ್ಲಿ ಗಂಟಲು ಸರಿಮಾಡಿಕೊಂಡೆ, ಅವರು ಕೆಮ್ಮಿಗೆ ಶುಂಠಿ ಕೊಟ್ಟರು. ವಿಮಾನದಲ್ಲಿ ಮತ್ತೆ ಬಾಯಿ ತೆರೆದೆ, ಊಟದ ಗಾಡಿ ಬಂತು. ಸೊಲ್ಲಾಪುರ ಸ್ಟೇಶನ್ನಿನಲ್ಲಿ ಇಳಿದಾಗ ಅವರೇ "ಬರತೀನ್ರಿ ಅಣ್ಣಾ, ಮನಿ ಕಡೆ ಬರ್ರಿ" ಎಂದು ಹೋದರು. ಜಗತ್ತಿನ ತುದಿಯವರೆಗೆ ಹೋಗಿ ಬಂದ ನನಗೆ ಮೈಂದರ್ಗಿಯವರೆಗೆ ಹೋಗಲು ಇನ್ನೂ ಆಗಿಲ್ಲ. ಕತೆ ಹೇಳುವ ಚಟವೂ ಬಿಟ್ಟುಹೋಯಿತು. ನಾರ್ವೆ ಹೇಗಿತ್ತೆಂದು ಯಾರು ಕೇಳಿದರೂ "ಥಂಡಿ" ಎಂದಷ್ಟೇ ಹೇಳುತ್ತೇನೆ.

ಮೊನ್ನೆ ಬೆಳಗ್ಗೆ ಲಾಡ್ಜಿನ ಮುಂದೆ ಅಕ್ಕ ಬಸ್ಸಿಳಿಯುವುದು ಕಂಡಿತು. ನಾನು ಗಾದಿಗಳನ್ನು ಒಟ್ಟುವ ಕೋಣೆ ಹೊಕ್ಕು ಬಾಗಿಲು ಮುಂದೆ ಮಾಡಿಕೊಂಡೆ. ಗಾದಿಗಳ ನಡುವೆ ಉಸಿರು ಹಿಡಿದು ಕೇಳಿದೆ. ಅಕ್ಕ ನನ್ನ ಹೆಂಡತಿಗೆ ಹೇಳುತ್ತಿದ್ದರು: "ಅಣ್ಣಾಗ ಹೇಳ್ರಿ, ಸೊಲ್ಲಾಪುರದಾಗ ಕಣ್ಣಿನ ಪೊರಿ ತೆಗಿಸೀನಿ. ಈಗ ಎಲ್ಲಾ ಛಲೋ ಕಾಣ್ತೈತಿ. ಈ ಹಿಟ್ಟು ಇಟಗೊಳ್ರಿ, ಅಣ್ಣಾಗ ಬ್ಯಾರೆ ಗಿರಣಿ ಹಿಟ್ಟು ಸೇರಂಗಿಲ್ಲ." ಕ್ಷಮಿಸಿದರೋ, ಎಲ್ಲ ಕಾಣುತ್ತಿದೆ ಎಂದು ಎಚ್ಚರಿಸಿದರೋ, ಬರೀ ಕಣ್ಣಿನ ಸುದ್ದಿ ಹೇಳಿದರೋ, ನನಗೆ ತಿಳಿಯದು.

ಸ್ವಲ್ಪ ಹೊತ್ತಿಗೆ ಹೆಂಡತಿ ಬಾಗಿಲು ತಳ್ಳಿದಳು. "ಹೊರಗ ಬರ್ರಿ, ಅವರು ಹೋದ್ರು. ಆ ಊರಾಗ ಚಂದ್ರ ಇರಲಿಲ್ಲಂತ, ಹೋಗ್ಲಿ. ನೀವರ ಬಾಜೂಕ ಇದ್ರಿಲ್ಲೋ?"

ಮಧ್ಯಾಹ್ನ ಆ ಹಿಟ್ಟಿನಲ್ಲೇ ರೊಟ್ಟಿ ಬಡಿದಳು. ಗಂಟಲಲ್ಲಿ ಇಳಿಯಲಾರದು ಎಂದುಕೊಂಡೆ. ಇಳಿಯಿತು, ಮತ್ತೊಂದು ಕೇಳಿ ಹಾಕಿಸಿಕೊಂಡೆ.

ಹೆಸರು ಹೇಳದವರಿಗೆ ನನ್ನ ಲಾಡ್ಜಿನಲ್ಲಿ ಬೀಗದ ಕೈ ಕೊಡುವುದಿಲ್ಲ. ಆದರೆ ಇಷ್ಟುದ್ದ ಬರೆದ ನಾನು ಅಕ್ಕ, ಅಕ್ಕ ಎನ್ನುತ್ತಲೇ ಬಂದಿದ್ದೇನೆ. ಹೆಸರು ಹೇಳಿಬಿಟ್ಟರೆ ಆಮೇಲೆ ಹೇಳಲು ಉಳಿಯುವುದು "ತಪ್ಪಾಯಿತು" ಎಂಬುದೊಂದೇ, ಅದನ್ನು ಇಲ್ಲಿ ನಿಮಗೆ ಹೇಳಿ ಉಪಯೋಗವಿಲ್ಲ. ಮೈಂದರ್ಗಿಯ ಬಸ್ಸು ದಿನವೂ ನಮ್ಮ ಬಾಗಿಲ ಮುಂದೆಯೇ ನಿಲ್ಲುತ್ತದೆ. ಈಗಲೂ ನಿಂತಿದೆ, ನಾನು ಕೂತಿದ್ದೇನೆ. ಅವರ ಹೆಸರು ಸುಗಲಾಬಾಯಿ.