ಕೆಂಚಿಯನ್ನು ಹಸಿರು ಮಾಡಿದ ಗ್ರಾಫಿಕ್ಸ್ ಡ್ರೈವರ್ ಮಹಾಶಯರಿಗೆ

ತಾಳವಾಡಿ,
ದೀಪಾವಳಿ ಕಳೆದ ಮೇಲೆ, 2006

ಕಂಪ್ಯೂಟರ್ ಪರದೆಯ ಸಕಲ ಬಣ್ಣಗಳಿಗೂ ಒಡೆಯರಾದ, ಸೀಡಿಯೆಂಬ ಅಂತಃಪುರದಿಂದ ಸುಲಭಕ್ಕೆ ಹೊರಗೆ ಕಾಲಿಡದ, ಕರೆದಾಗ ಬಾರದೆ ಮರೆತಾಗ ದಯಮಾಡಿಸುವ ಗ್ರಾಫಿಕ್ಸ್ ಡ್ರೈವರ್ ಅವರ ಸನ್ನಿಧಾನಕ್ಕೆ, ತಾಳವಾಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಡಿಟಿಪಿ ಮತ್ತು ಫೋಟೊ ಅಂಗಡಿ ಇಟ್ಟುಕೊಂಡಿರುವ ಶಿವರಂಜನಿಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನೂ ಕ್ಷೇಮವಾಗಿದ್ದೇನೆ, ಆದರೆ ಅದರಲ್ಲಿ ತಮ್ಮ ಪಾಲು ಏನೂ ಇಲ್ಲವೆಂದು ತಿಳಿಸುವುದಕ್ಕಾಗಿಯೇ ಈ ಪತ್ರ. ಇದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಏಕೆಂದರೆ ತಮ್ಮ ಖಾಸಗಿ ವಿಳಾಸ ಯಾರ ಬಳಿಯೂ ಇಲ್ಲ. ಕಂಪ್ಯೂಟರಿನಲ್ಲಿ ತಮ್ಮ ಹೆಸರಿರಬೇಕಾದ ಜಾಗದಲ್ಲಿ ಒಂದು ಹಳದಿ ಪ್ರಶ್ನೆಯ ಗುರುತು ಮಾತ್ರ ಕೂತಿತ್ತು, ಅಂಥ ವಿಳಾಸಕ್ಕೆ ನಮ್ಮ ಅಂಚೆಯವರು ಕಾಗದ ಮುಟ್ಟಿಸುವುದಿಲ್ಲ.

ಅಂಗಡಿ ಎಂದೆನಲ್ಲ, ಅದು ನಮ್ಮ ಮನೆಯ ಬೀದಿ ಕಡೆಯ ಕೋಣೆ. ನಾನು ಸತ್ಯಮಂಗಲದಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ಬರುವವರೆಗೆ ಅಲ್ಲಿ ಬಿತ್ತನೆ ಆಲೂಗೆಡ್ಡೆಯ ಮೂಟೆಗಳು ವಾಸವಾಗಿದ್ದವು. ನಮ್ಮಪ್ಪ ಚಿಕ್ಕಬಸಪ್ಪನವರು ಮಗಳ ಮೇಲಿನ ಪ್ರೀತಿಗೆ ಮೂಟೆಗಳನ್ನು ಎಬ್ಬಿಸಿ ಒಂದು ಹಳೆಯ ಕಂಪ್ಯೂಟರನ್ನೂ ಕೊಡಿಸಿದರು, ಆದರೆ ಅದನ್ನು ಪೂರ್ತಿ ನಂಬಲಿಲ್ಲ. ಆಲೂಗೆಡ್ಡೆ ಸುಮ್ಮನೆ ಬಿದ್ದಿದ್ದರೂ ಮೊಳಕೆಯೊಡೆಯುತ್ತದೆ, ಇದು ಏನು ಮಾಡುತ್ತದೆ ಎಂಬುದು ಅವರ ಪ್ರಶ್ನೆ. "ದೀವಳ್ಗೆ ಗಂಟ ನೋಡ್ತಿನಿ ಕಣವ್ವ. ಒಂದಾದ್ರೂ ನೆಟ್ಟಗಿರ ಕೆಲ್ಸ ಇದ್ರಿಂದ ಆಚ್ಗೆ ಬಂದ್ರೆ ಇರ್ಲಿ, ಇಲ್ದಿದ್ರೆ ಗೆಡ್ಡೆ ಇಲ್ಗೇ ಬತ್ತವೆ" ಎಂದು ಗಡುವು ಕೊಟ್ಟರು. ಆ ಕೋಣೆ ಹೋದರೆ ನನಗೆ ಉಳಿಯುವುದು ಅಡುಗೆಮನೆ. ಅಲ್ಲಿ ಈಗಾಗಲೇ ನಮ್ಮಮ್ಮನೂ ಅಜ್ಜಿಯೂ ಒಂದೇ ಒಲೆಗೆ ಪೈಪೋಟಿ ನಡೆಸಿದ್ದಾರೆ, ಮೂರನೆಯವಳಿಗೆ ಜಾಗವೂ ಇಲ್ಲ, ನನಗೆ ಮನಸ್ಸೂ ಇಲ್ಲ.

ಆಯುಧಪೂಜೆ ಕಳೆದದ್ದೇ ನೆಟ್ಟಗಿರುವ ಕೆಲಸವೊಂದು ತಾನಾಗಿ ಬಾಗಿಲಿಗೆ ಬಂತು. ಗುಮಟಾಪುರದ ಪುಟ್ಟನಂಜಮ್ಮನವರು ಮಗನ ಮದುವೆಯ ಫೋಟೊ ಸೆರಗಿನಲ್ಲಿ ಸುತ್ತಿಕೊಂಡು ತಂದರು. ಚಪ್ಪರದ ಕೆಳಗೆ ಮಗ ಬಿಳಿಗಿರಿ, ಸೊಸೆ ಪೂಜ, ಇಬ್ಬರ ಮಧ್ಯೆ ಕತ್ತು ಚಾಚಿ ನಿಂತಿರುವ ಕೆಂಚಿ ಎಂಬ ಕಂದು ಹಸು. ಕೆಂಚಿ ಈ ಮಳೆಗಾಲದಲ್ಲಿ ಕಾಡಂಚಿಗೆ ಮೇಯಲು ಹೋದದ್ದು ತಿರುಗಿ ಬರಲಿಲ್ಲ. ಹುಲಿಯೋ ಚಿರತೆಯೋ, ಕಂಡವರಿಲ್ಲ. ಮಗ ಸೊಸೆ ಅದಕ್ಕೂ ಮುಂಚೆಯೇ ಜಗಳವಾಡಿಕೊಂಡು, ಕೆಂಚಿಯ ಕರುವನ್ನು ಹಿಡಿದುಕೊಂಡು, ಅದೇ ಊರಿನ ಇನ್ನೊಂದು ಬೀದಿಯಲ್ಲಿ ಬೇರೆ ಒಲೆ ಹೂಡಿದ್ದರು. ಆದ್ದರಿಂದ ಪುಟ್ಟನಂಜಮ್ಮನವರ ಬೇಡಿಕೆಯಲ್ಲಿ ಗೊಂದಲವೇನೂ ಇರಲಿಲ್ಲ: "ಅವ್ನನ್ನೂ ಅವ್ಳನ್ನೂ ತಗ್ದಾಕ್ಬುಡವ್ವ. ನಂಗೆ ಕೆಂಚಿ ಒಬ್ಳೇ ಸಾಕು."

ತಾವು ಹೊರದೇಶದವರು, ತಮಗೆ ಇದನ್ನು ಬಿಡಿಸಿ ಹೇಳಬೇಕು. ಗುಮಟಾಪುರದಲ್ಲಿ ದೀಪಾವಳಿ ಮುಗಿದೊಡನೆ ಕೊಟ್ಟಿಗೆ ಕೊಟ್ಟಿಗೆಯಿಂದಲೂ ಬುಟ್ಟಿಗಟ್ಟಲೆ ಸಗಣಿ ಬೀರೇಶ್ವರನ ಗುಡಿಯ ಬಳಿಗೆ ಹೋಗುತ್ತದೆ, ಅಲ್ಲಿ ಗಂಡಸರೆಲ್ಲ ಅದನ್ನು ಒಬ್ಬರ ಮೇಲೊಬ್ಬರು ಎರಚಾಡಿ ಹಬ್ಬ ಮಾಡುತ್ತಾರೆ. ನಗಬೇಡಿ, ತಮ್ಮ ಪರದೆಯಲ್ಲಿ ನಾನು ಕಂಡದ್ದಕ್ಕಿಂತ ಅದು ಎಷ್ಟೋ ಚೊಕ್ಕಟ. ಪುಟ್ಟನಂಜಮ್ಮನವರು ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅಲ್ಲಿಂದ ಬುಟ್ಟಿ ಹೋಗದ ವರ್ಷವಿಲ್ಲ, ಈ ವರ್ಷ ಹೋಗುವ ಹಾಗಿಲ್ಲ. ಬುಟ್ಟಿ ಹೋಗದಿದ್ದರೂ ಖಾಲಿ ಕೊಟ್ಟಿಗೆಯಲ್ಲಿ ಕೆಂಚಿಯ ಪಟವಾದರೂ ಇರಲಿ, ಹಬ್ಬದ ಬೆಳಿಗ್ಗೆ ಅದಕ್ಕೆ ಒಂದು ಹೂವಾದರೂ ಮುಡಿಸುತ್ತೇನೆ ಎಂಬುದು ಅವರ ಆಸೆ. ನಾನು ಎದೆ ತಟ್ಟಿಕೊಂಡು ಒಪ್ಪಿದೆ.

ಒಪ್ಪಿದ ವಾರದಲ್ಲೇ ಕರೆಂಟು ಹೋಗಿ ಬಂದು, ಬಂದು ಹೋಗಿ, ಕಂಪ್ಯೂಟರ್ ಮೂರ್ಛೆಬಿತ್ತು. ಚಾಮರಾಜನಗರದಿಂದ ಮೆಕ್ಯಾನಿಕ್ ಮೋಹನ್ ಬಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಟ್ಟರು, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದು, "ಡ್ರೈವರ್ ಸೀಡಿ ನಿಮ್ಮತ್ರನೇ ಅದಲ್ಲ, ಆಕಿ ನೆಕ್ಸ್ಟ್ ನೆಕ್ಸ್ಟ್ ಒತ್ತಿ, ಅಷ್ಟೇಯ" ಎಂದು ಹೇಳಿ ಹೋದರು. ತಾವಿಲ್ಲದ ಪರದೆಯನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಷರಗಳು ರಾಗಿಮುದ್ದೆಯ ಗಾತ್ರಕ್ಕೆ ಊದಿಕೊಂಡಿದ್ದವು, ಲೋಕದ ಸಮಸ್ತ ಬಣ್ಣಗಳೂ ಹದಿನಾರಕ್ಕೆ ಇಳಿದಿದ್ದವು, ಆ ಹದಿನಾರರಲ್ಲಿ ಹಸುವಿನ ಬಣ್ಣವೇ ಇರಲಿಲ್ಲ. ಪುಟ್ಟನಂಜಮ್ಮನವರು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದು, ನಾನು ಮತ್ತೆ ಸ್ಕ್ಯಾನ್ ಮಾಡಿ ಹಾಕಿದ್ದ ಫೋಟೊವನ್ನು ಪರದೆಯಲ್ಲಿ ಕಂಡು, "ನಮ್ ಕೆಂಚಿ ಯಾವಾಗವ್ವ ಅಸ್ರಾಗಿದ್ಲು?" ಎಂದು ಕೇಳಿದರು. ಉತ್ತರ ತಾವು ಕೊಡಬೇಕಿತ್ತು, ತಾವಿರಲಿಲ್ಲ.

ಇನ್ನು ಸೀಡಿಯ ವಿಚಾರ. ನಮ್ಮಜ್ಜಿ ಶಿವನಂಜಮ್ಮನವರು ದೊಡ್ಡ ಶಿವಭಕ್ತೆ. ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕಂಪ್ಯೂಟರಿಗೂ ಪೂಜೆಯಾಗಿತ್ತು. ಗಾಡಿಯ ಚಕ್ರದ ಕೆಳಗೆ ಇಡುವ ನಿಂಬೆಹಣ್ಣನ್ನು ಮೌಸಿನ ಕೆಳಗೆ ಇಟ್ಟರು, ಏಕೆಂದರೆ ಮೇಜಿನ ಮೇಲೆ ಓಡಾಡುವುದು ಅದೊಂದೇ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು, ಸೀಡಿಯ ಡಬ್ಬಿ ತೆರೆದಾಗ ಗೊತ್ತಾಯಿತು. ತಾವು ಅದರ ಹೊಳೆಯುವ ಮೈಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ ಧರಿಸಿ, ಥೇಟು ಮಠದ ಸ್ವಾಮಿಗಳಂತೆ ಕಂಗೊಳಿಸುತ್ತಿದ್ದಿರಿ. ಅಜ್ಜಿಯನ್ನು ಕೇಳಿದೆ. "ಮಕ ಕಾಣದೇ ಈ ಕಡೆ ಕಣವ್ವ. ಬೆನ್ಗೆ ಯಾರಾದ್ರೂ ಈಬೂತಿ ಇಕ್ತಾರಾ?" ಎಂದರು. ಸೀಡಿಯನ್ನು ಹಿಡಿದು ನೋಡಿದೆ, ನಮ್ಮ ಮುಖ ಕಾಣುವುದು ಆ ಕಡೆಯೇ.

ನಾನು ಅವಸರಕ್ಕೆ ದುಪಟ್ಟಾದ ತುದಿಯಿಂದ ಒಣ ವಿಭೂತಿಯನ್ನು ಗಸಗಸ ತಿಕ್ಕಿದೆ, ಹಿತ್ತಾಳೆ ಚೊಂಬು ಬೆಳಗುವ ಹಾಗೆ. ಆಮೇಲೆ ತಮ್ಮನ್ನು ಡ್ರೈವಿನೊಳಗೆ ಇಟ್ಟರೆ ಅದು ಗುರ್ರೆಂದು ತಿರುಗಿ, ಕೆಮ್ಮಿ, ತಮ್ಮನ್ನು ತಟ್ಟೆಯ ಸಮೇತ ಹೊರಗೆ ಚಾಚಿತು. ಪ್ರಿಂಟರಿನ ಸೀಡಿ ಅಟ್ಟದ ಮೇಲಿದ್ದುದರಿಂದ ಅಜ್ಜಿಯ ಭಕ್ತಿ ಅಷ್ಟೆತ್ತರ ಏರಿರಲಿಲ್ಲ, ಅದು ಒಂದೇ ಏಟಿಗೆ ಕೆಲಸ ಮಾಡಿತು. ಸೀಡಿಯ ಓದುವ ಮೈಗೆ ಗೀರು ಬಿದ್ದದ್ದಕ್ಕೆ ವಿಭೂತಿ ಇಟ್ಟವರದೂ ತಿಕ್ಕಿದವಳದೂ ತಪ್ಪು ಎನ್ನುವ ಕುಹಕಿಗಳು ನಮ್ಮ ಬೀದಿಯಲ್ಲಿ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ನೇಗಿಲಿಗೂ ವಿಭೂತಿ ಇಡುತ್ತಾರೆ, ಆ ಕಾರಣಕ್ಕೆ ನೇಗಿಲು ಉಳುವುದನ್ನು ನಿಲ್ಲಿಸಿದ್ದಿಲ್ಲ. ಇಷ್ಟು ಸೂಕ್ಷ್ಮ ಮೈಯವರು ಬೆಟ್ಟಕ್ಕೆ ಬರುವ ಮುಂಚೆ ಹೇಳಬೇಕಿತ್ತು.

ತಮ್ಮನ್ನು ಹುಡುಕಿಕೊಂಡು ದಿಂಬಂ ಘಾಟಿಯ ಅಷ್ಟೂ ತಿರುವುಗಳಲ್ಲಿ ಹೊಟ್ಟೆ ಹಿಡಿದುಕೊಂಡು ಸತ್ಯಮಂಗಲಕ್ಕೆ ಇಳಿದೆ. ಕಂಪ್ಯೂಟರ್ ಮಾರಿದ ಅಂಗಡಿಯಾತ "ಡ್ರೈವರ್ ಪೋಟ್ಟಾ ಎಲ್ಲಾಂ ಸರಿಯಾಯಿಡುಮ್ಮಾ" ಎಂದು, ಡ್ರೈವರ್ ಹಾಕಿದರೆ ಎಲ್ಲ ಸರಿಹೋಗುತ್ತದೆಂಬ ಪರಮ ಸತ್ಯವನ್ನು ತಮಿಳಿನಲ್ಲಿ ಉಪದೇಶಿಸಿ, ಡ್ರೈವರ್ ಮಾತ್ರ ತನ್ನ ಬಳಿ ಇಲ್ಲವೆಂದ. ಬ್ರೌಸಿಂಗ್ ಸೆಂಟರಿನಲ್ಲಿ ತಮ್ಮ ಕುಲಬಾಂಧವರೆಲ್ಲ ಸಾಲಾಗಿ ನಿಂತಿದ್ದರು, ಹೆಸರಿನ ಮುಂದೆ ಅಂಕಿ, ಅಂಕಿಯ ಮುಂದೆ ಅಕ್ಷರ. ನಮ್ಮ ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡಿನ ಅಂಕಿ ನಾನು ಬರೆದುಕೊಂಡು ಹೋಗಿರಲಿಲ್ಲ. ಯಾರ ಹೆಸರು ಪರಿಚಿತವೆನಿಸಿತೋ ಅವರನ್ನು ಪೆನ್ ಡ್ರೈವಿನಲ್ಲಿ ಕೂರಿಸಿಕೊಂಡು ಬಂದೆ. ಅವರನ್ನು ಕಂಪ್ಯೂಟರಿಗೆ ಹಾಕಿ ಮತ್ತೆ ಹಚ್ಚಿದರೆ ಇದ್ದ ಹದಿನಾರು ಬಣ್ಣಗಳೂ ಹೋಗಿ ಒಂದೇ ಉಳಿಯಿತು, ಕಪ್ಪು.

ಮೋಹನ್ ಫೋನಿನಲ್ಲಿ ಹೇಳಿದಂತೆ ಸೇಫ್ ಮೋಡ್ ಎಂಬುದಕ್ಕೆ ಹೋಗಿ ಆ ಅಪರಿಚಿತರನ್ನು ತೆಗೆದುಹಾಕಿದೆ, ಹದಿನಾರು ಬಣ್ಣಗಳು ಮರಳಿದವು. ಸೇಫ್ ಮೋಡ್ ಎಂದರೆ ತಮ್ಮ ಕುಲದವರನ್ನು ಹೊರಗಿಟ್ಟು ಯಂತ್ರ ನಡೆಸುವ ಏರ್ಪಾಡು. ತಾವು ದೂರವಿದ್ದರೆ ಎಲ್ಲರೂ ಸುರಕ್ಷಿತ ಎಂದು ಕಂಪ್ಯೂಟರ್ ಮಾಡಿದವರೇ ಬರೆದುಕೊಟ್ಟಿದ್ದಾರೆ, ನಾನು ಹೊಸದಾಗಿ ಏನೂ ಹೇಳುತ್ತಿಲ್ಲ.

ಆದರೂ ತಮ್ಮ ದೊಡ್ಡತನ ದೊಡ್ಡದೇ. ಪರದೆಯ ಮೇಲೆ ತಮ್ಮ ಗೈರುಹಾಜರಿಯ ಬಗ್ಗೆ "ಮಾರಾಟಗಾರರನ್ನು ಸಂಪರ್ಕಿಸಿ" ಎಂದು ಇಂಗ್ಲಿಷಿನಲ್ಲಿ ಬರೆಸಿರುವ ಸೌಜನ್ಯಕ್ಕೆ ಏನು ಹೇಳಲಿ. ಸಂಪರ್ಕಿಸಿ ಬಂದವಳು ನಾನೇ. ಈ ಸಂದರ್ಭದಲ್ಲಿ ತಮ್ಮಲ್ಲಿ ಕೆಲವು ಅರಿಕೆಗಳಿವೆ. ಮೊದಲಿಗೆ, ಹದಿನಾರು ಬಣ್ಣ ಆರಿಸುವ ಮುಂದಿನ ಸಭೆಗೆ ದಯವಿಟ್ಟು ಒಂದು ಹಸುವನ್ನು ಕರೆಸಿಕೊಳ್ಳಿ. ಗುಲಾಬಿಗಿಂತ ಕೆಟ್ಟದಾದ ಆ ನೇರಳೆಯನ್ನು ಬಿಟ್ಟುಕೊಟ್ಟು ಒಂದು ಕಂದು ಕೊಟ್ಟರೆ ತಾಳವಾಡಿಯಿಂದ ತಾಳಮಲೆಯವರೆಗಿನ ಎಲ್ಲ ಕೊಟ್ಟಿಗೆಗಳೂ ತಮ್ಮನ್ನು ಹರಸುತ್ತವೆ. ತಾವು ಯಾವ ತಿಥಿ ನಕ್ಷತ್ರದಲ್ಲಿ ಬರಲು ಒಪ್ಪುತ್ತೀರೆಂದು ಪಂಚಾಂಗದಲ್ಲಿ ಅಚ್ಚು ಹಾಕಿಸಿದರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ, ನಮ್ಮಪ್ಪನ ಎದುರು ಬಂದು, ಗೆಡ್ಡೆಯ ಮೂಟೆಗಿಂತ ತಾವು ಯಾವ ರೀತಿಯಲ್ಲಿ ಮೇಲು ಎಂದು ಸ್ವತಃ ವಿವರಿಸಿ, ನನ್ನ ಕೈಲಂತೂ ಆಗಲಿಲ್ಲ.

ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ನಮ್ಮಪ್ಪ ಮೊದಲ ಮೂಟೆಯನ್ನು ಹೊತ್ತುತಂದು ಕೋಣೆಯ ಹೊಸ್ತಿಲಿಗೆ ಒರಗಿಸಿದರು. ಫೋಟೊ ತಿದ್ದುವ ದೊಡ್ಡ ತಂತ್ರಾಂಶ ಇಷ್ಟು ಬಡ ಪರದೆಯಲ್ಲಿ ತಾನು ಕೂರುವುದಿಲ್ಲವೆಂದು ಎದ್ದುಹೋಗಿತ್ತು. ಒಂದು ಸಣ್ಣ ತಂತ್ರಾಂಶ ಹಿಡಿದು, ಹಸಿರು ಹಸುವಿನ ಸುತ್ತ ನೇರಳೆ ಮದುಮಗನನ್ನೂ ನೀಲಿ ಮದುಮಗಳನ್ನೂ ಅಂದಾಜಿನ ಮೇಲೆ ಕತ್ತರಿಸುತ್ತ ಹೋದೆ. ಎಲ್ಲಿ ಚರ್ಮ ಮುಗಿದು ಸೀರೆ ಶುರುವಾಗುತ್ತದೆಂದು ಕಾಣುತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿದ್ದರಿಂದ ಇನ್ನೂ ಕಾಣಲಿಲ್ಲ, ಅದನ್ನೂ ತಮ್ಮ ಲೆಕ್ಕಕ್ಕೇ ಹಾಕಿದ್ದೇನೆ. ಕೊನೆಗೆ, ಆದದ್ದಾಗಲಿ ಎಂದು ಪ್ರಿಂಟ್ ಒತ್ತಿದೆ.

ಪ್ರಿಂಟರ್ ಮೊದಲು ಕೊಂಬನ್ನು ಹೊರಗೆ ಹಾಕಿತು. ಕೊಂಬಿನ ಕೆಳಗೆ ಹಣೆ ಬಂತು, ಕಂದು. ಕಿವಿ ಬಂತು, ಕಂದು. ಕತ್ತಿನ ಮಡಿಕೆ, ಬೆನ್ನು, ಎಲ್ಲವೂ ಮಳೆ ಬಿದ್ದ ನಮ್ಮ ಹೊಲದ ಬಣ್ಣದಲ್ಲಿ ನಿಧಾನವಾಗಿ ಬಂದವು. ಚಿತ್ರದೊಳಗೆ ಬಣ್ಣ ಒಂದು ಚೂರೂ ಕೆಟ್ಟಿರಲಿಲ್ಲ ಸ್ವಾಮಿ, ಕೆಟ್ಟಿದ್ದು ನನಗೆ ಕಾಣುವ ಬಗೆ ಮಾತ್ರ. ಅಷ್ಟು ದಿನ ನಾನು ಅತ್ತದ್ದು ತಮ್ಮ ಪರದೆಗೆ, ಕೆಂಚಿಗಲ್ಲ.

ಪುಟ್ಟನಂಜಮ್ಮನವರು ಬಂದರು. ಪಟವನ್ನು ಬಾಗಿಲ ಬೆಳಕಿಗೆ ಹಿಡಿದರು. ಆಗ ನನಗೂ ಕಂಡಿತು, ಕೆಂಚಿಯ ಕತ್ತಿನ ಮೇಲೆ ಬಳೆ ತೊಟ್ಟ ಒಂದು ಕೈ ಉಳಿದುಬಿಟ್ಟಿದೆ. ಸೊಸೆಯನ್ನು ಪೂರ್ತಿ ಅಳಿಸಿದ್ದೆ, ಕೈಯನ್ನು ಹಸುವೆಂದುಕೊಂಡು ಬಿಟ್ಟಿದ್ದೆ. ಒಂದು ಗಳಿಗೆ ಕೊಡಿ, ತೆಗೆದುಬಿಡುತ್ತೇನೆ ಎಂದೆ. ಅವರು ಪಟವನ್ನು ನನ್ನ ಕೈಗೆ ಕೊಡಲಿಲ್ಲ. ಆ ಕೈಯನ್ನೇ ನೋಡುತ್ತ, "ಆಲು ಕರೀತಿದ್ದ ಕೈ ಕಣವ್ವ ಅದು. ಬ್ಯಾರೆ ಯಾರ್ ಓದ್ರೂವೆ ಕೆಂಚಿ ಒದೀತಿದ್ಲು. ಇರ್ಲಿ ಬುಡು" ಎಂದರು. ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡ ನಮ್ಮಪ್ಪ ಮೂಟೆಯನ್ನು ಮತ್ತೆ ಹೆಗಲಿಗೆತ್ತಿ ಹಿತ್ತಿಲ ಕಡೆ ಹೊರಟರು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹಬ್ಬವೆಲ್ಲ ಕಳೆದು, ಗುಮಟಾಪುರದವರ ಕಿವಿಯೊಳಗಿನ ಸಗಣಿ ಕೂಡ ಒಣಗಿ ಉದುರಿದ ಮೇಲೆ, ಮೋಹನ್ ತಂದ ಹೊಸ ಸೀಡಿಯಲ್ಲಿ ತಾವು ದಯಮಾಡಿಸಿದಿರಿ. ನೆಕ್ಸ್ಟ್, ನೆಕ್ಸ್ಟ್, ಅಷ್ಟೇಯ. ಪರದೆ ಒಂದು ಸಲ ಕಣ್ಣು ಮಿಟುಕಿಸಿ ಹಸಿರು ಗುಡ್ಡವನ್ನೂ ನೀಲಿ ಆಕಾಶವನ್ನೂ ತೋರಿಸಿತು. ನಮ್ಮಪ್ಪ ಅದನ್ನು ನೋಡಿ, ಬೇಲಿಯಿಲ್ಲ, ಕಂದಕವಿಲ್ಲ, ಆನೆ ಬರದ ಗುಡ್ಡ ಯಾವ ಊರಿನದು ಎಂದು ವಿಚಾರಿಸಿದರು. ನಾನು ತಮ್ಮ ಬೆಳಕಿನಲ್ಲಿ ಕೆಂಚಿಯ ಚಿತ್ರವನ್ನು ತೆರೆದು ನೋಡಿದೆ. ಕೆಂಚಿಗೆ ಐದು ಕಾಲುಗಳಿವೆ. ಐದನೆಯದಕ್ಕೆ ಬಿಳಿಗಿರಿಯ ಮದುವೆಯ ಬೂಟಿದೆ. ಇದುವರೆಗೆ ಯಾರೂ ದೂರಿಲ್ಲ, ತಾವೂ ಬಾಯಿ ಬಿಡಬೇಡಿ.

ತಮ್ಮ ಮೇಲಿನ ದೂರನ್ನು ಇಷ್ಟಕ್ಕೆ ಮುಗಿಸಬೇಕೆಂದಿದ್ದೆ. ಆದರೆ ನಿನ್ನೆ ಪುಟ್ಟನಂಜಮ್ಮನವರು ಸಂತೆಗೆ ಬಂದವರು ಅಂಗಡಿಗೂ ಬಂದು ಕೂತರು. ಹಬ್ಬದ ಬೆಳಿಗ್ಗೆ ಪೂಜ ಕೊಟ್ಟಿಗೆಯ ಬಾಗಿಲಿಗೆ ಬಂದಳಂತೆ. ಒಳಗೆ ಬರಲಿಲ್ಲ, ಪಟ ಕಂಡು ಅಲ್ಲೇ ನಿಂತಳಂತೆ, ತನ್ನ ಕೈಯನ್ನು ತಾನೇ ನೋಡುತ್ತ. ಹಾಗೇ ತಿರುಗಿ ಹೋದವಳು ಕೆಂಚಿಯ ಕರುವಿನ ಸಗಣಿ ಒಂದು ಬುಟ್ಟಿ ಹೊತ್ತುಕೊಂಡು ಬಂದು, ಅತ್ತೆಯ ಹೊಸ್ತಿಲಲ್ಲಿ ಇಳಿಸಿದಳಂತೆ. ಇಷ್ಟು ಹೇಳಿ ಪುಟ್ಟನಂಜಮ್ಮನವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಮ್ಮನೆ ಬುಟ್ಟಿ ಓಯ್ತು ಕಣವ್ವ" ಎಂದರು.

ಕರೆದ ಹೊತ್ತಿಗೆ ತಾವು ಬಂದಿದ್ದರೆ, ಮಾನ್ಯರೇ, ನಾನು ಆ ಕೈಯನ್ನು ಬಳೆಯ ಗುರುತೂ ಉಳಿಯದಂತೆ ಅಚ್ಚುಕಟ್ಟಾಗಿ ಅಳಿಸಿಬಿಡುತ್ತಿದ್ದೆ. ಬಾರದೆ ಉಪಕರಿಸಿದ್ದಕ್ಕೆ ಕೃತಜ್ಞಳು.

ಹದಿನಾರೇ ಬಣ್ಣಗಳಲ್ಲಿ ಎಂದಿಗೂ,
ತಮ್ಮ ವಿಶ್ವಾಸಿ,
ಶಿವರಂಜನಿ

ಮತ್ತೆ ಬರೆದದ್ದು: ಮುಂದಿನ ಆಯುಧಪೂಜೆಗೆ ಅಜ್ಜಿ ಈಗಲೇ ಹೊಸ ವಿಭೂತಿ ಗಟ್ಟಿ ತರಿಸಿದ್ದಾರೆ. ತಮ್ಮ ಮುಖ ಯಾವ ಕಡೆ, ಬೆನ್ನು ಯಾವ ಕಡೆ ಎಂದು ದಯವಿಟ್ಟು ಅಷ್ಟರೊಳಗೆ ಬರೆದು ತಿಳಿಸಿ. ಉತ್ತರ ಬರದಿದ್ದರೆ ಎರಡೂ ಕಡೆ ಇಡುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.