ಬೀಗರ ತಟ್ಟೆಗೆ ಚೀಸ್ ಬಡಿಸಿದ್ದು

“ನಮ್ಮ ಮಗಳನ್ನು ನೋಡಲು ಬರುವವರಿಗೆ ಇನ್ನು ಮುಂದೆ ಉಪ್ಪಿಟ್ಟು, ಕೇಸರಿಬಾತು ಕೊಡತಕ್ಕದ್ದಲ್ಲ!” ಎಂದು ಅತ್ತಿಗುಪ್ಪೆಯ ನಮ್ಮ ಮನೆಯ ಸೋಫಾದಿಂದ ನಾನು ರಾಜಾಜ್ಞೆ ಹೊರಡಿಸಿದೆ.

“ಮತ್ತೇನ್ ಕೊಡ್ತೀರಾ? ಬರೀ ಭಾಷಣಾನಾ?” ಎಂದಳು ಹೆಂಡತಿ ಗಿರಿಜಾದೇವಿ, ಅವರೆಕಾಯಿ ಸುಲಿಯುತ್ತಾ.

“ಇಟಾಲಿಯನ್ ಊಟ. ಲ್ಯಾವೆಲ್ ರಸ್ತೇಲಿ. ಟೇಬಲ್ ಬುಕ್ ಆಗಿದೆ.”

“ಆ ಊಟ ನೀವು ತಿಂದಿದೀರಾ?”

“ಫೋಟೋ ನೋಡಿದೀನಿ.”

ಬರುವವರು ಸಾಮಾನ್ಯರಲ್ಲ. ಬಸವೇಶ್ವರನಗರದ ದೇವೇಂದ್ರಪ್ಪ, ನಿವೃತ್ತ ಇಂಜಿನಿಯರ್. ಅವರ ಮಗ ಸಿದ್ದಲಿಂಗೇಶನನ್ನು ನಮ್ಮ ರಕ್ಷಾ ಎರಡು ಸಲ ಕಾಫಿಗೆ ಭೇಟಿಯಾಗಿ ಒಪ್ಪಿದ್ದಳು. ಅದಕ್ಕೂ ಮುಂಚೆ ನಾನು ತಂದ ನಾಲ್ಕು ಗಂಡುಗಳನ್ನು ಒಂದೊಂದೇ ಮಾತಿನಲ್ಲಿ ತಳ್ಳಿಹಾಕಿದ್ದವಳು ಇವಳು. ಈಗ ಹಿರಿಯರು ‘ಹೂಂ’ ಅನ್ನುವುದೊಂದೇ ಬಾಕಿ. ಈ ಸಂಬಂಧ ಕೈತಪ್ಪಿದರೆ ಮನೆಯಲ್ಲಿ ನನಗೆ ಕಾಫಿಯೂ ಸಿಗುವುದಿಲ್ಲವೆಂಬುದು ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಮೆಟ್ರೋದಲ್ಲಿ ರೇಷ್ಮೆ ಸೀರೆಯ ಗಿರಿಜೆಗೂ ಮಗಳಿಗೂ ಸೂಚನೆ ಕೊಟ್ಟೆ. “ಅಲ್ಲಿ ನಾನೇ ಮಾತಾಡೋದು. ನೀವಿಬ್ರೂ ಬಾಯಿ ಬಿಡಬೇಡಿ.”

“ಅಪ್ಪಾ, ಅವರು ನೋಡೋಕ್ ಬರ್ತಿರೋದು ನನ್ನನ್ನ” ಎಂದಳು ರಕ್ಷಾ.

ದೇವೇಂದ್ರಪ್ಪನವರು ಹೆಂಡತಿ, ಮಗನ ಜೊತೆ ಆಗಲೇ ಬಂದು ಕೂತಿದ್ದರು. ಹೋಟೆಲಿನಲ್ಲಿ ದೀಪ ಎಷ್ಟು ಮಂದವಾಗಿತ್ತೆಂದರೆ, ಬೀಗರು ಹುಡುಗಿಯನ್ನು ಹೇಗೆ ನೋಡಬೇಕೆಂಬ ಚಿಂತೆ ಶುರುವಾಯಿತು. ಮೊಟ್ಟೆ ಇಲ್ಲವೆಂದು ಹೋಟೆಲಿನವರ ಕೈಲಿ ಮೂರು ಸಲ ಪ್ರಮಾಣ ಮಾಡಿಸಿ ಎಲ್ಲರಿಗೂ ಪಾಲಕ್ ತುಂಬಿದ ಪಾಸ್ತಾ ಹೇಳಿದೆ. ಅರ್ಧ ಗಂಟೆಯ ನಂತರ ಬಂತು. ಮೊರದಷ್ಟಗಲದ ತಟ್ಟೆ, ಅದರ ಮಧ್ಯದಲ್ಲಿ ನಾಲ್ಕೇ ನಾಲ್ಕು ಪುಟ್ಟ ಕಡುಬು.

ದೇವೇಂದ್ರಪ್ಪನವರು ತಟ್ಟೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಹೆಂಡತಿ ಯಶೋದಮ್ಮನವರು ಮೆಲ್ಲಗೆ, “ಇದು ರುಚಿ ನೋಡಾಕ್ ಕೊಟ್ಟಿದ್ದೇನ್ರಿ? ಊಟ ಆಮೇಲ್ ಬರ್ತದಾ?” ಎಂದು ಕೇಳಿದರು. ನನ್ನ ಮಾನ ನಾಲ್ಕು ಕಡುಬಿನ ಪಕ್ಕದಲ್ಲಿ ಐದನೆಯದಾಗಿ ಬಿದ್ದಿತ್ತು.

ಅಷ್ಟರಲ್ಲಿ ಒಬ್ಬ ಸರ್ವರ್ ಚೀಸಿನ ಗಡ್ಡೆ, ತುರಿಮಣೆ ಹಿಡಿದು ಪ್ರತ್ಯಕ್ಷನಾದ. ದೇವೇಂದ್ರಪ್ಪನವರ ಪಕ್ಕ ನಿಂತು, “ಸಾಕು ಅನ್ನಿಸಿದಾಗ ಹೇಳಿ ಸಾರ್” ಎಂದು ತುರಿಯತೊಡಗಿದ. ಆಹಾ! ಕೊನೆಗೂ ಧಾರಾಳವಾಗಿ ಬಡಿಸುವಂಥದ್ದೊಂದು ಸಿಕ್ಕಿತು.

“ಹಾಕಿ, ಇನ್ನೂ ಹಾಕಿ” ಎಂದೆ.

ನಮ್ಮವರಲ್ಲಿ ಬಡಿಸುವವರು ತಾವಾಗಿ ನಿಲ್ಲಿಸುವಂತಿಲ್ಲ. ತಿನ್ನುವವರು ಒಂದೇ ಮಾತಿಗೆ ಸಾಕು ಅನ್ನುವಂತಿಲ್ಲ. ದೇವೇಂದ್ರಪ್ಪನವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಮೊದಲ ಸಲ ಹಿಡಿದ ಕೈ ಬರೀ ಸಂಕೋಚವೆಂದು ಯಾರಿಗೆ ಗೊತ್ತಿಲ್ಲ? ನಾನು ಆ ಕೈಯನ್ನು ಪ್ರೀತಿಯಿಂದ ಸರಿಸಿದೆ. “ನಮ್ಮನೆ ಊಟ ಅಂದ್ಕೊಳ್ಳಿ ಸಾರ್. ಹಾಕಪ್ಪ ನೀನು.”

ಕಡುಬುಗಳು ಮುಚ್ಚಿಹೋದವು. ಎರಡನೇ ಸಲ ಕೈ ಬಂತು, ಸರಿಸಿದೆ. ಚೀಸು ಗುಡ್ಡವಾಯಿತು. ಸರ್ವರ್ ಕೈ ಬದಲಾಯಿಸಿದ. ಪಕ್ಕದ ಟೇಬಲಿನವರು ಚಮಚ ಕೆಳಗಿಟ್ಟು ನೋಡತೊಡಗಿದರು. ಗಿರಿಜೆ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಶಾಸ್ತ್ರದಲ್ಲಿ ಏನೋ ಕಡಿಮೆಯಾಯಿತೆಂದುಕೊಂಡು, “ಯಜಮಾನ್ರಿಗೆ ಆ ಕಡೆಯಿಂದಾನೂ ಸ್ವಲ್ಪ” ಎಂದೆ. ಗಡ್ಡೆ ಮುಗಿಯಿತು. ಸರ್ವರ್ ಇನ್ನೊಂದು ತರಲು ಹೊರಟ.

ಆಗ ನಮ್ಮ ರಕ್ಷಾ ಎದ್ದು ನಿಂತಳು. ಬೀಗರ ಮುಂದಿದ್ದ ತಟ್ಟೆಯನ್ನೇ ಪಕ್ಕಕ್ಕೆಳೆದು, “ಅಣ್ಣಾ, ಸಾಕು. ಅವರಿಗೆ ಬೇಡ. ಒಂದು ಬೇರೆ ಪ್ಲೇಟ್ ಕೊಡಿ” ಎಂದಳು.

ನನ್ನ ಎದೆ ಧಸಕ್ಕೆಂದಿತು. ಗಂಡಿನ ತಂದೆಯ ಮುಂದಿನ ತಟ್ಟೆಯನ್ನು ಹೆಣ್ಣೇ ಎಳೆದಳು! ಸಂಬಂಧ ಮುರಿಯಿತು. ನಾನು ಕಣ್ಣು ಮುಚ್ಚಿದೆ.

ದೇವೇಂದ್ರಪ್ಪನವರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. “ಚೀಸ್ ಮುಟ್ಟಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ್ರಿ. ಬೀಗರು ಬಡಿಸ್ತಾರ, ಹೆಂಗ್ ಬ್ಯಾಡ ಅನ್ನೋದು? ಇವತ್ತು ಸತ್ತೆ ಅಂದ್ಕೊಂಡಿದ್ದೆ.” ರಕ್ಷಾಳ ಕಡೆ ತಿರುಗಿದರು. “ನಮ್ಮ ಮನೀಗೆ ನೀನ ಬೇಕವ್ವ. ನಮ್ಮಲ್ಲಿ ಸಾಕು ಅನ್ನಾಕ ಬರೋರು ಒಬ್ಬರೂ ಇಲ್ಲ.”

ಸಿದ್ದಲಿಂಗೇಶ ತಲೆ ತಗ್ಗಿಸಿ ನಕ್ಕ. ಗಿರಿಜೆಯ ಕಣ್ಣಲ್ಲಿ ನೀರು. ನಾನು ಗಂಟಲು ಸರಿಮಾಡಿಕೊಂಡು, “ಎಲ್ಲಾ ನಾವು ಕಲಿಸಿದ್ದೇ ಸಾರ್” ಎಂದೆ.

“ಆದ್ರ ಒಂದು ಷರತ್ತೈತ್ರಿ” ಎಂದರು ದೇವೇಂದ್ರಪ್ಪ.

ನನಗೆ ಬೆವರು ಕಿತ್ತುಬಂತು. ಕಾರೋ, ಸೈಟೋ? “ಹೇಳಿ ಸಾರ್, ಏನಿದ್ರೂ ನಡೆಸಿಕೊಡ್ತೀನಿ.”

“ಮದುವಿ ದಿನ ನೀವು ಊಟದ ಹಾಲ್ ಒಳಗ ಕಾಲಿಡಬಾರ್ದು.”

“ಅದನ್ನ ಲಗ್ನಪತ್ರಿಕೇಲೇ ಹಾಕಿಸ್ತೀನಿ ಅಣ್ಣಾವ್ರೇ” ಎಂದಳು ಗಿರಿಜೆ, ನನ್ನನ್ನು ಒಂದು ಮಾತೂ ಕೇಳದೆ.