ಅಗಸಿ ಎಣ್ಣಿಯ ಹಸಿರು ಕುರ್ಚಿ

ಕಟ್ಟಿಗೆಗೆ ಬಣ್ಣ ಹಚ್ಚುವುದಕ್ಕೆ ಎರಡೇ ವಸ್ತು ಬೇಕು. ಒಂದು ಕಟ್ಟಿಗೆ, ಇನ್ನೊಂದು ಬಣ್ಣ. ಬುದ್ಧಿಯೂ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅದು ನನ್ನಲ್ಲಿ ಬೇಕಾದಷ್ಟಿದೆ ಎಂದೇ ತಿಳಿಯುತ್ತಿದ್ದೆ. ಯಾಕೆಂದರೆ ನಾನು ಹಾನಗಲ್ಲಿನಲ್ಲಿ ಏಳನೆಯ ಇಯತ್ತೆಗೆ ಕನ್ನಡ ಕಲಿಸುವ ಮಾಸ್ತರ!

ಅದು ಯುದ್ಧದ ಕಾಲ. ನನ್ನ ಹೆಂಡತಿ ಗಿರಿಜೆ ಮಧ್ಯಾಹ್ನದ ಹೊತ್ತು ನಮ್ಮ ಪಡಸಾಲೆಯಲ್ಲಿ ಓಣಿಯ ಏಳು ಮಂದಿ ಹೆಂಗಸರಿಗೆ ಓದುಬರಹ ಕಲಿಸುತ್ತಿದ್ದಳು. ಮೊದಲು ಸೇರಿದವಳು ಎದುರುಮನೆಯ ನಿಂಗವ್ವ. ಅವಳ ಮಗ ಮಿಲಿಟರಿಯಲ್ಲಿದ್ದ. ಅವನ ಕಾಗದ ಬಂದಾಗಲೆಲ್ಲ ಟಪಾಲಿನವನು ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವ ಹಾಗೆ ಓದಿ ಹೇಳುತ್ತಿದ್ದ. ಇದು ನಿಂಗವ್ವನಿಗೆ ಸರಿಬರಲಿಲ್ಲ.

"ನನ್ನ ಮಗಾ ನನಗ ಬರದದ್ದು, ಮೊದಲ ನಾ ಓದಬೇಕವಾ. ಊರ ಮಂದಿ ಆಮ್ಯಾಲೆ ಕೇಳ್ಲಿ" ಎಂದು ಐವತ್ತರ ವಯಸ್ಸಿನಲ್ಲಿ ಪಾಟಿ ಹಿಡಿದು ಬಂದಿದ್ದಳು.

ಓಣಿಯ ಹಿರಿಯರಿಗೆ ಇದು ಹಿಡಿಸಿರಲಿಲ್ಲ. "ಸರಕಾರದ ಒಪ್ಪಿಗಿ ಇದ್ದರ ನಡೀಲಿ, ಇಲ್ಲಾಂದ್ರ ಬಂದ್ ಮಾಡ್ರಿ" ಎಂದುಬಿಟ್ಟರು. ಗಿರಿಜೆ ಅರ್ಜಿ ಹಾಕಿದಳು. ಶಿಕ್ಷಣ ಖಾತೆಯ ಸಾಹೇಬರು ಶುಕ್ರವಾರ ಬಂದು ನೋಡುತ್ತಾರೆ ಎಂದು ಉತ್ತರ ಬಂತು. ಅವರು ಹೂಂ ಅಂದರೆ ಪಾಟಿ, ಪುಸ್ತಕ, ಕರೀ ಹಲಗೆ ಎಲ್ಲ ಬರುತ್ತದೆ. ಊಹೂಂ ಅಂದರೆ ನಿಂಗವ್ವ ಮತ್ತೆ ಟಪಾಲಿನವನ ಬಾಯಿ ನೋಡಬೇಕು.

ನಮ್ಮ ಪಡಸಾಲೆಯಲ್ಲಿದ್ದ ಸಾಮಾನು ಮೂರು. ನಮ್ಮಪ್ಪನ ಕಾಲದ ಕೈಕುರ್ಚಿ, ಮೂರು ಮಂದಿ ಕೂಡ್ರುವಂಥ ಒಂದು ಬಾಕು, ಒಂದು ಮೇಜು. ಅವುಗಳಿಗೆ ಹಿಂದೆ ಯಾವ ಬಣ್ಣವಿತ್ತೆಂದು ನೆನಪಿದ್ದವರು ಯಾರೂ ಬದುಕಿರಲಿಲ್ಲ. ಇವನ್ನು ಹೊಸದು ಮಾಡುವ ಭಾರವನ್ನು ಯಾರೂ ಕೇಳದಿದ್ದರೂ ನಾನೇ ಹೊತ್ತುಕೊಂಡೆ.

"ಸವಣೂರಿನ ಖಾದರಸಾಬರನ್ನ ಕರಸ್ರಿ. ಬಾಗಲಾ ಕಿಟಿಕಿ ಎಲ್ಲಾ ಅವರ ಹಚ್ಚತಾರ. ನಿಮಗ್ಯಾಕ ಬೇಕು ಈ ಉಸಾಬರಿ?" ಎಂದಳು ಗಿರಿಜೆ.

"ಅವರು ಮಾಡೂದು ನಾ ಮಾಡಾಕ ಬರಂಗಿಲ್ಲೇನು? ಕೇಳಿಕೊಂಡು ಬಂದೇನಿ" ಎಂದೆ.

ಹೌದು, ಕೇಳಿಕೊಂಡು ಬಂದಿದ್ದೆ. ಹಿಂದಿನ ವಾರ ಸವಣೂರಿಗೆ ಹೋದಾಗ ಖಾದರಸಾಬರು ಒಂದು ಮನೆಯ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದರು. ಅವರು ಕೈ ನಿಲ್ಲಿಸದೆಯೇ ನನಗೆ ಇಡೀ ವಿದ್ಯೆಯನ್ನು ಹೇಳಿಕೊಟ್ಟಿದ್ದರು. "ಭಾಳ ಸಸಾರ ಐತ್ರಿ ಮಾಸ್ತರ. ಹಸರ ಪುಡಿ ತಗೋರಿ, ಅಗಸಿ ಎಣ್ಣಿ ಕಾಸ್ರಿ, ಕಲಿಸಿ ಹಚ್ರಿ. ಎಲ್ಡ ದಿನದಾಗ ಖಡಕ್ ಒಣಗತೈತಿ. ಬರೂ ವಾರದ ಶುಕ್ರವಾರ ನಾನೂ ವೀಳ್ಯದೆಲಿ ಹೊರಿ ತಗೊಂಡು ಹಾನಗಲ್ಲಕ್ಕ ಬರಾಂವ ಅದೇನಿ, ನೋಡಿ ಹೋಗತೇನಿ."

ಅಗಸಿ ಎಣ್ಣಿ! ಅಗಸಿ ಅಂದರೆ ಊರ ಹೆಬ್ಬಾಗಿಲು. ನಮ್ಮೂರ ಅಗಸಿಯ ಪಕ್ಕದಲ್ಲಿಯೇ ಮಲ್ಲಪ್ಪನ ಗಾಣವಿದೆ. ಅಲ್ಲಿಯ ಎಣ್ಣೆಯ ಖ್ಯಾತಿ ಸವಣೂರಿನವರೆಗೂ ಹೋಗಿದೆಯಲ್ಲ ಎಂದು ನನಗೆ ಊರಿನ ಬಗ್ಗೆ ಅಭಿಮಾನ ಉಕ್ಕಿ ಬಂತು. ಈ ಅಭಿಮಾನ ಉಕ್ಕುವಾಗ ನಾನು ಮನೆಗೆ ಬಂದು ರೊಟ್ಟಿ ಉಣ್ಣುತ್ತಿದ್ದೆ. ರೊಟ್ಟಿಯ ಮೇಲೆ ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ಇತ್ತು. ಅಗಸಿ ಎಂಬ ಒಂದು ಕಾಳೂ ಇದೆ, ಅದನ್ನು ಗಾಣಕ್ಕೆ ಹಾಕಿದರೆ ಎಣ್ಣೆ ಬರುತ್ತದೆ ಎಂಬುದು ಹಿಂಡಿಯನ್ನು ನೆಕ್ಕುತ್ತಿದ್ದಾಗಲೂ ನನಗೆ ಹೊಳೆಯಲಿಲ್ಲ.

ಸೋಮವಾರ ಮುಂಜಾನೆ ಗಾಣಕ್ಕೆ ಹೋದೆ.

"ಯಾವ ಎಣ್ಣಿ ಬೇಕ್ರಿ ಮಾಸ್ತರ?" ಎಂದ ಮಲ್ಲಪ್ಪ.

"ನಿಮ್ಮ ಎಣ್ಣಿನ ಬೇಕು. ಕಟಗಿಗೆ ಹಚ್ಚೂದು."

ಕಟ್ಟಿಗೆ ಅಂದಕೂಡಲೇ ಮಲ್ಲಪ್ಪನ ಕಣ್ಣಿಗೆ ಬಂದದ್ದು ಚಕ್ಕಡಿಯ ಗಾಲಿ. ಗಡಿಗೆಯಿಂದ ಗಾಲಿಯ ಕೀಲಿಗೆ ಹಚ್ಚುವ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಸುರಿದುಕೊಟ್ಟು, "ಇದನ್ನ ಒಮ್ಮೆ ಹಚ್ಚಿ ನೋಡ್ರಿ. ಮೂರ ತಿಂಗಳಾದ್ರೂ ಒಣಗಂಗಿಲ್ಲ!" ಎಂದು ಗ್ಯಾರಂಟಿ ಕೊಟ್ಟ.

ಬಣ್ಣದ ಹೊಳಪು ಮೂರು ತಿಂಗಳಾದರೂ ಮಾಸುವುದಿಲ್ಲ ಎಂದು ಅದಕ್ಕೆ ಅರ್ಥ ಮಾಡಿಕೊಂಡೆ. ಕನ್ನಡ ಮಾಸ್ತರನಿಗೆ ಅರ್ಥ ಮಾಡಿಕೊಳ್ಳುವ ರೋಗ ಇದ್ದೇ ಇರುತ್ತದೆ.

ಮಧ್ಯಾಹ್ನದ ಒಳಗೆ ಕುರ್ಚಿ, ಬಾಕು, ಮೇಜು ಮೂರೂ ಹಸಿರಾದವು. ನಾನೂ ಮೊಣಕೈವರೆಗೆ ಹಸಿರಾದೆ. ನಿಜ ಹೇಳುತ್ತೇನೆ, ನೋಡಲು ಬಹಳ ಚೆಂದ ಕಾಣುತ್ತಿದ್ದವು. ಗಿರಿಜೆ ಕೂಡ ಬಾಗಿಲಲ್ಲಿ ನಿಂತು "ಹೂಂ, ಅಡ್ಡಿಯಿಲ್ಲ" ಎಂದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಸಿಕ್ಕ ಹೊಗಳಿಕೆ ಅದು!

ಮಂಗಳವಾರ ಮುಟ್ಟಿ ನೋಡಿದೆ. ಹಸಿ. ಬುಧವಾರ ಮುಟ್ಟಿ ನೋಡಿದೆ. ಮಂಗಳವಾರಕ್ಕಿಂತ ಹಸಿ!

"ಏನ್ರಿ, ಇನ್ನೂ ಒಣಗಿಲ್ಲ" ಎಂದಳು ಗಿರಿಜೆ.

"ಗಟ್ಟಿ ಬಣ್ಣ ಸಾವಕಾಶ ಒಣಗತಾವು" ಎಂದೆ.

"ಶುಕ್ರವಾರ ಸಾವಕಾಶ ಬರಂಗಿಲ್ರಿ."

ಒರೆಸಿ ತೆಗೆಯೋಣವೆಂದರೆ ಚಿಮಣಿ ಎಣ್ಣೆ ಬೇಕು. ಯುದ್ಧದ ರೇಶನ್ನಿನಲ್ಲಿ ಅದು ದೀಪಕ್ಕೇ ಸಾಲುತ್ತಿರಲಿಲ್ಲ. ಆಗ ನನ್ನ ತಲೆಯಲ್ಲಿ ಎರಡನೆಯ ವಿಚಾರ ಹುಟ್ಟಿತು. ಶಾಲೆಯಲ್ಲಿ ಮುರಿದ ಪಾಟಿಯ ಚೌಕಟ್ಟುಗಳನ್ನು ರಾಳ ಕರಗಿಸಿ ಅಂಟಿಸುತ್ತಿದ್ದೆವು. ಆರಿದ ಮೇಲೆ ಅದು ಕಲ್ಲಿನಷ್ಟು ಗಟ್ಟಿ. ಅದನ್ನೇ ಬಣ್ಣದ ಮೇಲೆ ಬಳಿದರೆ ಬಣ್ಣವೂ ಗಟ್ಟಿಯಾಗಲೇಬೇಕಲ್ಲವೆ? ಬುಧವಾರ ಸಂಜೆ ರಾಳ ಕರಗಿಸಿ ಮೂರಕ್ಕೂ ಧಾರಾಳವಾಗಿ ಬಳಿದೆ.

ಔಡಲೆಣ್ಣೆಗೆ ರಾಳ ಸೇರಿದರೆ ಏನಾಗುತ್ತದೆ ಎಂಬುದನ್ನು ಗುರುವಾರ ನೊಣಗಳು ತೋರಿಸಿಕೊಟ್ಟವು. ಕುಳಿತವು ಏಳಲಿಲ್ಲ. ಬೆರಳಿಟ್ಟರೆ ಕುರ್ಚಿ ಬೆರಳನ್ನು ಪ್ರೀತಿಯಿಂದ ಹಿಡಿದುಕೊಂಡು, ಒಂದಿಷ್ಟು ವಿಚಾರ ಮಾಡಿ, 'ಚಪ್' ಎಂದು ಬಿಡುತ್ತಿತ್ತು. ಗಿರಿಜೆಗೆ ಅಳು ಬಂತು. ಅವಳ ಕಣ್ಣಲ್ಲಿ ನೀರು ಕಂಡಾಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಮೂರು ತಿಂಗಳು ಮನೆಗೆಲಸ ಮುಗಿಸಿ, ಸೊಂಟ ನೋಯುತ್ತಿದ್ದರೂ ಕುಳಿತು ಕಲಿಸಿದ್ದಳು ಅವಳು.

"ಸಾಹೇಬರಿಗೆ ಜಮಖಾನಿ ಹಾಸತೇನಿ. ಕುರ್ಚಿ ಬಾಜೂಕ ಇರ್ಲಿ. ನೀವು ದಯಮಾಡಿ ಏನೂ ಮುಟ್ಟಬ್ಯಾಡ್ರಿ" ಎಂದಳು.

ಶುಕ್ರವಾರ ಶಿಗ್ಗಾಂವಿಯ ಕಡೆಯಿಂದ, ಪೆಟ್ರೋಲು ಸಿಗದ ಆ ಕಾಲದ ಇದ್ದಲಿ ಗ್ಯಾಸಿನ ಸರ್ವಿಸ್ ಮೋಟಾರು ಕೆಮ್ಮುತ್ತ ಬಂತು. ಸಾಹೇಬರು ಇಳಿದರು. ಬೆಳ್ಳಗಿನ ಧೋತರ, ಕರಿ ಕೋಟು, ಮುಖದಲ್ಲಿ ನಗುವಿನ ಸುಳಿವಿಲ್ಲ. ಬಾಗಿಲಲ್ಲೇ ಹೇಳಿದರು: "ಮಾಸ್ತರ, ಇದ ಮೋಟಾರಿಗೆ ನಾ ಹಿರೇಕೆರೂರಿಗೆ ಹೋಗಬೇಕು. ಐದ ನಿಮಿಷ ನೋಡತೇನಿ, ಅಷ್ಟ."

"ಬರ್ರಿ, ಜಮಖಾನಿ ಮ್ಯಾಲೆ..." ಎಂದು ನಾನು ಶುರು ಮಾಡುವುದರಲ್ಲಿ, "ನನಗ ಮೊಣಕಾಲ ಬ್ಯಾನಿ, ಕೆಳಗ ಕುಂಡ್ರಾಕ ಆಗಂಗಿಲ್ಲ" ಎನ್ನುತ್ತ ಅವರು ನೆಟ್ಟಗೆ ಹೋಗಿ ಹಸಿರು ಕುರ್ಚಿಯಲ್ಲಿ ಕುಳಿತೇ ಬಿಟ್ಟರು.

ಗಿರಿಜೆ ನನ್ನನ್ನು ನೋಡಿದಳು. ನಾನು ತೊಲೆಗಳನ್ನು ಎಣಿಸಿದೆ.

ಪಾಠ ನಡೆಯಿತು. ಒಬ್ಬಳು ಕಾಗುಣಿತ ಹೇಳಿದಳು, ಇನ್ನೊಬ್ಬಳು ತನ್ನ ಹೆಸರು ಬರೆದಳು. ಸಾಹೇಬರ ದೃಷ್ಟಿಯೆಲ್ಲ ತಮ್ಮ ಕೈಗಡಿಯಾರದ ಮೇಲೆ. ಐದು ನಿಮಿಷಕ್ಕೆ ಸರಿಯಾಗಿ, "ಆತು. ವಿಚಾರ ಮಾಡಿ ತಿಳಸ್ತೇವಿ" ಎಂದರು. ಸರಕಾರದ ಭಾಷೆಯಲ್ಲಿ ಅದಕ್ಕೆ ಇಲ್ಲ ಎಂದು ಅರ್ಥ. ನಿಂಗವ್ವನ ಮುಖ ಸಣ್ಣದಾಯಿತು.

ಸಾಹೇಬರು ಏಳಲು ಹೋದರು. ಕುರ್ಚಿಯೂ ಅವರ ಸಂಗಡ ನಾಲ್ಕು ಬೆರಳು ಎದ್ದಿತು! ಅವರು ಹಾಗೆಯೇ ಕುಳಿತರು. ಮತ್ತೊಮ್ಮೆ ಎದ್ದರು, ಮತ್ತೊಮ್ಮೆ ಅದೂ ಎದ್ದಿತು. ಏನಾಗಿದೆ ಎಂಬುದು ಅವರಿಗೆ ತಿಳಿಯಿತು. ನಮಗೂ ತಿಳಿಯಿತು. ಏಳು ಮಂದಿ ಹೆಂಗಸರೂ ಸೆರಗು ಬಾಯಿಗೆ ಹಿಡಿದು ಪಾಟಿಯ ಹಿಂದೆ ಮುಖ ಮರೆಸಿಕೊಂಡರು. ಆದರೆ ಅಷ್ಟು ದೊಡ್ಡ ಸಾಹೇಬರು ಅಷ್ಟು ಮಂದಿ ಹೆಂಗಸರ ಮುಂದೆ ಇಂಥ ಮಾತನ್ನು ಬಾಯಿಬಿಟ್ಟು ಹೇಳುವುದು ಹೇಗೆ?

"ಇನ್ನೂ ಒಂದೀಟು ಓದ್ಲಿ" ಎಂದರು, ಬಹಳ ಗಂಭೀರವಾಗಿ.

ಹೊರಗೆ ಮೋಟಾರು ಹಾರ್ನ್ ಹೊಡೆಯಿತು. ಸಾಹೇಬರು ಕೇಳಿಸದವರಂತೆ ಕುಳಿತರು. ಗಿರಿಜೆ ಧೈರ್ಯ ತಂದುಕೊಂಡು, "ನಿಂಗವ್ವಾ, ನಿನ್ನೆ ಬಂದ ಕಾಗದ ತಗಿ" ಎಂದಳು.

ನಿಂಗವ್ವ ಕುಪ್ಪಸದಿಂದ ಕಾಗದ ತೆಗೆದಳು. ಅದನ್ನು ಅವಳು ಟಪಾಲಿನವನಿಗೆ ಓದಲು ಕೊಟ್ಟಿರಲಿಲ್ಲ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದತೊಡಗಿದಳು.

"ಅ... ವ್ವಾ. ನಾ... ಆರಾಮ... ಅದೇನಿ. ಇಲ್ಲಿ... ಜ್ವಾ... ಜ್ವಾಳದ... ರೊಟ್ಟಿ... ಸಿಗಂಗಿಲ್ಲ. ನಿನ್ನ... ನೆಪ್ಪ... ಆಗತೈತಿ."

ಅಲ್ಲಿಗೆ ನಿಂತಳು. ಮುಂದೆ ಅಕ್ಷರವಿತ್ತು, ಆದರೆ ಅವಳ ಕಣ್ಣು ತುಂಬಿ ಬಂದು ಕಾಣಲಿಲ್ಲ. "ನನಗ ಬರದಾನ್ರಿ, ಸಾಹೇಬ್ರ. ನನಗಽ ಬರದಾನ" ಎಂದಳು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಸಾವಕಾಶ ಓದವ್ವಾ. ನನಗೇನೂ ಅವಸರಿಲ್ಲ" ಎಂದರು. ಅಷ್ಟರಲ್ಲಿ ಹಿರೇಕೆರೂರಿನ ಮೋಟಾರು ಹೊರಟುಹೋಯಿತು. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ಕಾಗದ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು.

ಆಮೇಲೆ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು: "ಮಾಸ್ತರ, ನನಗ ಏಳಾಕ ಬರವಲ್ದು."

ಸರಿಯಾಗಿ ಅದೇ ಹೊತ್ತಿಗೆ ಖಾದರಸಾಬರು ಎಲೆಯ ಹೊರೆ ಇಳಿಸಿ ಒಳಗೆ ಬಂದರು. ಬಾಕನ್ನು ಮುಟ್ಟಿದರು, ಮೂಸಿದರು, ನನ್ನ ಮುಖ ನೋಡಿದರು.

"ಯಾ ಅಲ್ಲಾ! ಇದು ಔಡಲೆಣ್ಣಿ! ಅಗಸಿ ಎಣ್ಣಿ ಅಂತ ಹೇಳಿದ್ನೆಲ್ರಿ?"

"ಅಗಸ್ಯಾಗಿಂದನ ತಂದೇನಿ" ಎಂದೆ.

ಖಾದರಸಾಬರು ಹಣೆ ಬಡಿದುಕೊಂಡರು. "ಮಾಸ್ತರ, ನಾ ಅಂದದ್ದು ಅಗಸಿ ಕಾಳಿನ ಎಣ್ಣಿ. ಊರ ಬಾಗಲದಾಗಿನ ಎಣ್ಣಿ ಅಂತ ಯಾಂವಾ ಹೇಳಿದ್ದಾ?"

ಮೊದಲು ನಕ್ಕವರು ಸಾಹೇಬರು! ಕುರ್ಚಿಯೂ ಅವರ ಸಂಗಡ ಅಲುಗಾಡುವಷ್ಟು ನಕ್ಕರು. ಹೆಂಗಸರನ್ನು ಒಳಗೆ ಕಳಿಸಿ, ನನ್ನ ಮಡಿಕೆ ಮುರಿಯದ ಧೋತರವನ್ನು ತಂದು ಕೊಟ್ಟೆವು. ಸಾಹೇಬರು ಎದ್ದರು. ಅವರ ಧೋತರ ಏಳಲಿಲ್ಲ. ಅದು ಕುರ್ಚಿಯಲ್ಲಿಯೇ ಉಳಿಯಿತು.

ಹೋಗುವ ಮುಂಚೆ ಅವರು ಅಭಿಪ್ರಾಯ ಬರೆಯುವ ಶೇರಾ ಪುಸ್ತಕ ಕೇಳಿ, ನಿಂತುಕೊಂಡೇ ನಾಲ್ಕು ಸಾಲು ಬರೆದರು. ಕುಳಿತುಕೊಳ್ಳಿರೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಅವರು ಓಣಿ ದಾಟುವುದೇ ತಡ, ಹಿರಿಯರೆಲ್ಲ ಕಟ್ಟೆಗೆ ಬಂದು ಸೇರಿದರು. ಟಪಾಲಿನವನು ಓದಲು ಕೈ ಚಾಚಿದ. ಗಿರಿಜೆ ಪುಸ್ತಕವನ್ನು ಅವನಿಗೆ ಕೊಡಲಿಲ್ಲ. ನಿಂಗವ್ವನಿಗೆ ಕೊಟ್ಟಳು.

ನಿಂಗವ್ವ ಬೆರಳಿಟ್ಟು ಓದಿದಳು. "ವ... ವರ್ಗ... ಉತ್ತಮ... ನಡೆದಿದೆ. ಕುಳಿ... ಕುಳಿತಲ್ಲಿಂದ... ಏಳ... ಲಾಗ... ಲಿಲ್ಲ. ಒಪ್ಪಿಗೆ... ಕೊಡ... ಲಾಗಿದೆ."

ಹಿರಿಯರು ತಲೆಯಾಡಿಸಿದರು. ಗಿರಿಜೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಎದೆ ತುಂಬಿ ಬಂತು. ಇಷ್ಟಕ್ಕೆಲ್ಲ ಕಾರಣ ನಾನೇ ಅಲ್ಲವೆ ಎಂದು ಎರಡು ಹೆಜ್ಜೆ ಮುಂದೆ ಬಂದು ನಿಂತೆ.

ಕೊನೆಯ ಸಾಲು ಉಳಿದಿತ್ತು. ಅದನ್ನು ಮಾತ್ರ ನಿಂಗವ್ವ ಎಲ್ಲಿಯೂ ತಡವರಿಸದೆ, ಒಂದೇ ಉಸಿರಿನಲ್ಲಿ, ಓಣಿಯ ತುದಿಗೂ ಕೇಳುವ ಹಾಗೆ ಓದಿದಳು:

"ವರ್ಗದ ಯಾವ ಸಾಮಾನಿಗೂ ಶಿಕ್ಷಕಿ ಬಾಯಿಯವರ ಯಜಮಾನರು ಕೈ ಹಚ್ಚಕೂಡದು."